ನಮ್ಮ ಬಸ್ಸಿನ ಹಕ್ಕಿ, ರಷ್ಯಾದವರ ಅಂಗಿಯ ಹಕ್ಕಿ: ಗಂಡಭೇರುಂಡದ ಬಗ್ಗೆ ಒಂದು ಬಹಿರಂಗ ಪತ್ರ

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾನ್ಯರಿಗೆ, ಸಮಾಜ ವಿಜ್ಞಾನದ ಪಠ್ಯಪುಸ್ತಕ ಬರೆಯುವ ಎಲ್ಲರಿಗೆ,

ನಮಸ್ಕಾರ.

ನಾನು ಸಾಗರದ ಕಡೆಯವಳು. 31 ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು ಈಗ ಮನೆಯಲ್ಲಿದ್ದೇನೆ. ದೂರು ಕೊಡಲು ಈ ಪತ್ರ ಬರೆಯುತ್ತಿಲ್ಲ. ಒಂದು ಹಕ್ಕಿಯ ಬಗ್ಗೆ ಕೇಳಿಕೊಳ್ಳುವುದಿದೆ. ನೀವು ನನಗೆ ಉತ್ತರ ಬರೆದರೆ ಆ ಕಾಗದದ ತಲೆಯ ಮೇಲೂ ಅದೇ ಹಕ್ಕಿ ಕೂತಿರುತ್ತದೆ.

2018ರ ಜೂನ್ ತಿಂಗಳು. ಶಾಲೆ ಶುರುವಾಗಿತ್ತು, ಮಳೆಯೂ ಶುರುವಾಗಿತ್ತು. ರಾತ್ರಿ ಹೊತ್ತು ಟೀವಿಯಲ್ಲಿ ಫುಟ್‌ಬಾಲ್ ವಿಶ್ವಕಪ್. ಆ ಸಲ ಅದು ನಡೆದದ್ದು ರಷ್ಯಾದಲ್ಲಿ. ಎಂಟನೇ ಕ್ಲಾಸಿನ ಒಬ್ಬ ಹುಡುಗ ಬೆಳಿಗ್ಗೆ ಪ್ರಾರ್ಥನೆ ಮುಗಿಯುವುದನ್ನೇ ಕಾದು ನನ್ನ ಹತ್ತಿರ ಓಡಿ ಬಂದ. "ಮಿಸ್, ರಷ್ಯಾ ಟೀಮಿನವರ ಅಂಗಿ ಮೇಲೆ ನಮ್ಮ ಕೆಎಸ್‌ಆರ್‌ಟಿಸಿ ಬಸ್ಸಿನ ಹಕ್ಕಿ ಇದೆ! ಅವರು ನಮ್ಮಿಂದ ಕದ್ದಿದ್ದಾ?"

ಉಳಿದ ಮಕ್ಕಳು ನಕ್ಕರು. ನಾನೂ ನಕ್ಕೆ. "ಅದು ಬೇರೆ ಕಣೋ, ಇದು ಬೇರೆ. ಹೋಗು, ಕೂತ್ಕೋ" ಅಂದೆ.

ಆ ಉತ್ತರ ನನ್ನನ್ನು ಇವತ್ತಿಗೂ ಕಾಡುತ್ತದೆ. ಹುಡುಗ ಸರಿಯಾಗಿ ನೋಡಿದ್ದ. ಎರಡು ತಲೆ, ಎರಡು ಕಡೆ ಹರಡಿದ ರೆಕ್ಕೆ, ನಡುವೆ ಒಂದೇ ಮೈ. ಅಷ್ಟು ಚುರುಕಾಗಿ ನೋಡಿದವನಿಗೆ ನಾನು ಸುಮ್ನೆ ಏನೋ ಹೇಳಿ ಕಳಿಸಿಬಿಟ್ಟೆ. ಹೇಳಲು ನನ್ನ ಹತ್ತಿರವೂ ಏನೂ ಇರಲಿಲ್ಲ ಅನ್ನುವುದು ನಿಜವಾದ ಮಾತು. ಗಂಡಭೇರುಂಡ ಅಂದರೆ ನಮ್ಮ ರಾಜ್ಯದ ಲಾಂಛನ, ಶಕ್ತಿಯ ಸಂಕೇತ. ನನಗೆ ಗೊತ್ತಿದ್ದದ್ದು ಅಷ್ಟೇ. ಆಮೇಲೆ ಒಂದು ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಯಾವುದು ಅಂತ ಹೇಳುವುದು ಬೇಡ. ಅಲ್ಲಿ ಚೀಟಿಯ ಮೇಲೂ ಅಷ್ಟೇ ಇತ್ತು: "ಗಂಡಭೇರುಂಡ. ಶಕ್ತಿಯ ಸಂಕೇತ." ಉಪ್ಪಿನ ಡಬ್ಬಿಗೆ "ಬಿಳಿ ಪುಡಿ" ಅಂತ ಬರೆದಿಟ್ಟ ಹಾಗೆ. ಸುಳ್ಳಲ್ಲ, ಆದರೆ ಅಡುಗೆಗೆ ಉಪಯೋಗವಿಲ್ಲ.

ಅಲ್ಲಿಂದ ಈಚೆಗೆ ಈ ಹಕ್ಕಿಯ ಬೆನ್ನು ಹತ್ತಿದ್ದೇನೆ. ನಿವೃತ್ತಿಯ ಮೇಲೆ ಸಮಯ ಇರುತ್ತದೆ, ಅಲ್ವಾ.

ಮೊದಲು ಹೋದದ್ದು ಬಳ್ಳಿಗಾವಿಗೆ. ಶಿರಾಳಕೊಪ್ಪದ ಹತ್ತಿರದ ಊರು, ಅಲ್ಲಮಪ್ರಭುಗಳ ಊರು. ಎಷ್ಟೋ ಸಲ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಕೇದಾರೇಶ್ವರ ನೋಡಿ, ತ್ರಿಪುರಾಂತಕ ನೋಡಿ, ಬುತ್ತಿ ಬಿಚ್ಚಿ ತಿಂದು ಬರುತ್ತಿದ್ದೆವು. ಗಂಡಭೇರುಂಡ ಕಂಬದ ಹತ್ತಿರ ನಿಂತದ್ದು ಐದು ನಿಮಿಷವೂ ಇರಲಿಕ್ಕಿಲ್ಲ. ಈ ಸಲ ಒಬ್ಬಳೇ ಹೋಗಿ ಅರ್ಧ ದಿನ ಅಲ್ಲೇ ಕೂತೆ.

ಕಂಬ ಸುಮಾರು 30 ಅಡಿ ಎತ್ತರ ಇದೆ. ತುದಿಯಲ್ಲಿ ಕೂತಿರುವುದು ನಾವು ಬಸ್ಸಿನ ಮೇಲೆ ನೋಡುವ ಹಕ್ಕಿಯಲ್ಲ. ಮನುಷ್ಯನ ಮೈ, ಅದರ ಮೇಲೆ ಹಕ್ಕಿಯ ಎರಡು ತಲೆ. ಇದನ್ನು ನಿಲ್ಲಿಸಿದವನು ಚಾವುಂಡರಾಯರಸ, 1047ರಲ್ಲಿ. ಶ್ರವಣಬೆಳಗೊಳದ ಚಾವುಂಡರಾಯ ಅಲ್ಲ, ಇವನು ಬೇರೆ. ಕಲ್ಯಾಣದ ಚಾಲುಕ್ಯರ ಒಂದನೇ ಸೋಮೇಶ್ವರನ ಕೈಕೆಳಗೆ ಬನವಾಸಿ ಹನ್ನೆರಡು ಸಾಸಿರ ನಾಡನ್ನು ಆಳುತ್ತಿದ್ದ ಮಹಾಮಂಡಲೇಶ್ವರ. "ಗಂಡಭೇರುಂಡ" ಅನ್ನುವುದು ಅವನ ಬಿರುದುಗಳಲ್ಲಿ ಒಂದು. ಜಗದೇಕಮಲ್ಲೇಶ್ವರ ದೇವರ ಮುಂದೆ ಕಂಬ ನೆಡಿಸಿ ತನ್ನ ಬಿರುದನ್ನೇ ಅದರ ತುದಿಗೆ ಏರಿಸಿದ.

ಹೊಸದಾಗಿ ಕೇಳಿದ ಮಕ್ಕಳಿಗೆ "ಗಂಡಭೇರುಂಡ" ಅಂದರೆ ನಗು. ಯಾರ ಗಂಡ ಮಿಸ್ ಅಂತ ಹುಡುಗಿಯರು ಕೇಳುತ್ತಾರೆ. ಹಳಗನ್ನಡದಲ್ಲಿ ಗಂಡ ಅಂದರೆ ಶೂರ. ಹೊಯ್ಸಳರ "ಮಲೆಪರೊಳ್ ಗಂಡ" ಬಿರುದಿನಲ್ಲಿರುವುದೂ ಅದೇ ಗಂಡ. ಹಾಗಾಗಿ ಬಳ್ಳಿಗಾವಿಯ ಆ ಕಲ್ಲು ಆ ದಿನ ಊರಿನವರಿಗೆ ಹೇಳುತ್ತಿದ್ದದ್ದು ಒಬ್ಬ ಮನುಷ್ಯನ ಹೆಸರನ್ನು. ಇವನು ಗಂಡ, ಇವನು ಭೇರುಂಡ, ನೆನಪಿರಲಿ ಅಂತ. ರಾಜ್ಯ, ಸರ್ಕಾರ, ಕನ್ನಡ ಯಾವುದೂ ಅದರಲ್ಲಿ ಇರಲಿಲ್ಲ.

ಇನ್ನೊಂದು ಸಂಗತಿ ನನಗೆ ಬಹಳ ಖುಷಿ ಕೊಟ್ಟಿತು. ಅಲ್ಲಿನ ಶಾಸನಗಳಲ್ಲಿ "ಭೇರುಂಡ ಗಳೆ" ಅನ್ನುವ ಮಾತು ಬರುತ್ತದೆ. ಗಳೆ ಅಂದರೆ ಹೊಲ ಅಳೆಯುವ ಕೋಲು. ಅರಸನ ಪ್ರತಾಪದ ಹಕ್ಕಿ ರೈತನ ಗದ್ದೆಯಲ್ಲಿ ಅಳತೆಗೋಲಿನ ಹೆಸರಾಗಿ ಕೆಲಸ ಮಾಡುತ್ತಿತ್ತು. ದಾನ ಕೊಟ್ಟ ನೆಲ ಇಷ್ಟು ಗಳೆ ಅಂತ ಬರೆಯುವಾಗ ಕರಣಿಕನಿಗೆ ಎರಡು ತಲೆಯ ಹಕ್ಕಿ ಕಣ್ಣ ಮುಂದೆ ಬರುತ್ತಿತ್ತೋ ಇಲ್ಲವೋ. ನಮಗೆ ಬಸ್ ಹತ್ತುವಾಗ ಬರುತ್ತದಾ?

ಇದಾದ ಮೇಲೆ ಬೇಲೂರಿಗೆ ಹೋದೆ. ಚೆನ್ನಕೇಶವ ದೇವಸ್ಥಾನ 1117ರದ್ದು, ಅಂದರೆ ಬಳ್ಳಿಗಾವಿಯ ಕಂಬಕ್ಕಿಂತ 70 ವರ್ಷ ಚಿಕ್ಕದು. ಅಲ್ಲೊಂದು ಕೆತ್ತನೆ ಇದೆ. ಎಲ್ಲರೂ ಮದನಿಕೆಯರನ್ನು ನೋಡುತ್ತಾ ಇದನ್ನು ದಾಟಿ ಹೋಗುತ್ತಾರೆ. ಹಾವಿನ ಬಾಯಲ್ಲಿ ಒಂದು ಪುಟ್ಟ ಪ್ರಾಣಿ. ಹಾವನ್ನು ಆನೆ ಹಿಡಿದಿದೆ. ಆನೆಯ ಮೇಲೆ ಸಿಂಹ ಬಿದ್ದಿದೆ. ಸಿಂಹದ ಮೇಲೆ ಶರಭ ಅನ್ನುವ ಪುರಾಣದ ಮೃಗ. ಶರಭದ ಮೇಲೆ ಗಂಡಭೇರುಂಡ. ಈ ತಿನ್ನುವಾಟವನ್ನೆಲ್ಲ ನೋಡಿ ಬೆರಗಾಗಿ ನಿಂತಿದ್ದಾನೆ ಒಬ್ಬ ಋಷಿ. ಇಲ್ಲಿ ಹಕ್ಕಿ ಯಾರ ಬಿರುದೂ ಅಲ್ಲ. ಬಲಶಾಲಿಗೆ ಇನ್ನೊಬ್ಬ ಬಲಶಾಲಿ ಇದ್ದೇ ಇರುತ್ತಾನೆ ಅನ್ನುವ ಸಾಲಿನಲ್ಲಿ ಕೊನೆಯದಾಗಿ ನಿಂತ ಪ್ರಾಣಿ. ಆ ಶಿಲ್ಪಿಗೆ ಜಾಗ ಇನ್ನೂ ಎರಡು ಅಡಿ ಸಿಕ್ಕಿದ್ದರೆ ಗಂಡಭೇರುಂಡದ ಬೆನ್ನ ಮೇಲೆ ಏನನ್ನು ಕೂರಿಸುತ್ತಿದ್ದನೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಶರಭದ ಹೆಸರು ಬಂದಾಗ ಒಂದು ಜಗಳದ ಕಥೆ ಹೇಳಲೇಬೇಕು. ಹಿರಣ್ಯಕಶಿಪುವನ್ನು ಕೊಂದ ಮೇಲೂ ನರಸಿಂಹನ ಕೋಪ ಇಳಿಯಲಿಲ್ಲ. ಆಗ ಶಿವ ಶರಭನಾಗಿ ಬಂದು ಅವನನ್ನು ಅಡಗಿಸಿದ. ಇದು ಶೈವ ಪುರಾಣಗಳು ಹೇಳುವುದು. ವೈಷ್ಣವರು ಬಿಡುತ್ತಾರಾ? ವಿಷ್ಣು ಗಂಡಭೇರುಂಡನಾಗಿ ಬಂದು ಆ ಶರಭವನ್ನೇ ಸೀಳಿದ ಅಂತ ಅವರು ಕಥೆ ಮುಂದುವರಿಸಿದರು. ಚಿಕ್ಕ ಮಕ್ಕಳು "ನಮ್ಮಪ್ಪ ನಿಮ್ಮಪ್ಪನಿಗಿಂತ ದೊಡ್ಡವನು" ಅಂತ ಕಿತ್ತಾಡುವ ಹಾಗೆ. ಹೀಗೆ ಹಕ್ಕಿ ಒಂದು ಪಂಥದ ಕಡೆಯಿಂದ ಇನ್ನೊಂದು ಪಂಥಕ್ಕೆ ಕೊಟ್ಟ ಉತ್ತರವೂ ಆಯಿತು.

ಆದರೆ ಬಳ್ಳಿಗಾವಿಯ ಕಂಬ ನೆನಪು ಮಾಡಿಕೊಳ್ಳಿ. ಅದು ನಿಂತಿರುವುದು ಶಿವನ ಗುಡಿಯ ಹೆಸರಿನಲ್ಲಿ. ಕಂಬಕ್ಕೇ ಭೇರುಂಡೇಶ್ವರ ಅಂತ ಹೆಸರು, ಈಶ್ವರ ಸೇರಿಸಿ! ನಮ್ಮ ಸಾಗರದ ಪಕ್ಕದ ಕೆಳದಿಗೆ ಬನ್ನಿ. ವೀರಶೈವ ನಾಯಕರು ಕಟ್ಟಿಸಿದ ರಾಮೇಶ್ವರ ದೇವಸ್ಥಾನದ ಒಳಗೆ ನಿಂತು ಕತ್ತೆತ್ತಿದರೆ ಛಾವಣಿಯಲ್ಲಿ ಗಂಡಭೇರುಂಡ ಇದೆ. ಶರಭವನ್ನು ಸೀಳಿದ ವಿಷ್ಣುವಿನ ಹಕ್ಕಿಯನ್ನು ಶಿವಭಕ್ತರು ತಮ್ಮ ತಲೆಯ ಮೇಲೆ ಕೂರಿಸಿಕೊಂಡರು. ಒಂದು ಕಥೆ ಹುಟ್ಟಿದ ಕೂಡಲೇ ಉಳಿದ ಅರ್ಥಗಳೆಲ್ಲ ಸತ್ತುಹೋಗುವುದಿಲ್ಲ.

ಈಗ ನಮ್ಮ ರಾಜ್ಯ ಲಾಂಛನವನ್ನು ತೆಗೆದು ನೋಡಿ. ನಡುವೆ ಗುರಾಣಿಯ ಮೇಲೆ ಗಂಡಭೇರುಂಡ. ಎಡಕ್ಕೂ ಬಲಕ್ಕೂ ಅದನ್ನು ಕಾಯುತ್ತಾ ನಿಂತಿರುವವರು ಯಾರು? ಶರಭಗಳು. ಸಿಂಹದ ಮೈ, ಆನೆಯ ಸೊಂಡಿಲು. ಬೇಲೂರಿನ ಕಲ್ಲಿನಲ್ಲಿ ಯಾರನ್ನು ಹಕ್ಕಿ ಹಿಡಿದು ತಿನ್ನುತ್ತಿತ್ತೋ ಅವರೇ ಇಲ್ಲಿ ಹಕ್ಕಿಯ ಅಂಗರಕ್ಷಕರು. ಮೇಲೆ ಅಶೋಕನ ಸಿಂಹಗಳು, ಕೆಳಗೆ ಉಪನಿಷತ್ತಿನ "ಸತ್ಯಮೇವ ಜಯತೇ". ಬೌದ್ಧ ದೊರೆಯ ಕಂಬ, ವೈದಿಕ ಸಾಲು, ಶೈವ ಶರಭ, ವೈಷ್ಣವ ಭೇರುಂಡ, ಎಲ್ಲ ಒಂದು ಅಂಗೈ ಅಗಲದಲ್ಲಿ. ಇದನ್ನು 31 ವರ್ಷ ಕಪ್ಪುಹಲಗೆಯ ಪಕ್ಕ ನೇತು ಹಾಕಿಕೊಂಡು ನಾನು ಒಂದು ದಿನವೂ ಮಕ್ಕಳಿಗೆ ಹೇಳಲಿಲ್ಲ. ಪುಸ್ತಕದಲ್ಲಿ ಇರಲಿಲ್ಲ ಅಂತ ನೆಪ ಹೇಳಬಹುದು. ನನಗೆ ಕುತೂಹಲ ಇರಲಿಲ್ಲ ಅನ್ನುವುದು ಹೆಚ್ಚು ಸತ್ಯ.

ರಾಜರು, ಪುರಾಣಗಳು ಇರಲಿ. ಕಥೆ ಹೇಳುವವರ ಬಾಯಲ್ಲಿ ಈ ಹಕ್ಕಿಗೆ ಇನ್ನೊಂದೇ ಬದುಕು. ಪಂಚತಂತ್ರದಲ್ಲಿ ಅದು ಶೂರನೂ ಅಲ್ಲ, ದೇವರೂ ಅಲ್ಲ, ಪೆದ್ದು ಹಕ್ಕಿ. ಒಂದು ಹೊಟ್ಟೆ, ಎರಡು ಕತ್ತು. ಒಂದು ಬಾಯಿಗೆ ಅಮೃತದಂಥ ಹಣ್ಣು ಸಿಗುತ್ತದೆ. ಇನ್ನೊಂದು ಬಾಯಿ ಅರ್ಧ ಕೇಳುತ್ತದೆ. "ಯಾರು ತಿಂದರೂ ಹೊಟ್ಟೆ ಒಂದೇ ಅಲ್ಲವೇ" ಅಂತ ಮೊದಲನೆಯದು ಕೊಡುವುದಿಲ್ಲ. ಸಿಟ್ಟಾದ ಎರಡನೆಯದು ಇನ್ನೊಂದು ದಿನ ವಿಷದ ಹಣ್ಣು ತಿಂದುಬಿಡುತ್ತದೆ. ಹೊಟ್ಟೆ ಒಂದೇ, ಸಾವೂ ಒಂದೇ. ಆಸ್ತಿ ಪಾಲಿನ ಜಗಳ ನೋಡಿದ ಯಾವ ಮನೆಯವರಿಗೂ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

ಜೈನರ ಕಲ್ಪಸೂತ್ರಕ್ಕೆ ಹೋದರೆ ಅದೇ ಹಕ್ಕಿ ಎಚ್ಚರಕ್ಕೆ ಹೋಲಿಕೆ. ಮಹಾವೀರ ಭಾರಂಡ ಪಕ್ಷಿಯ ಹಾಗೆ ಒಂದು ಕ್ಷಣವೂ ಮೈಮರೆಯದವನು ಅಂತ ಅಲ್ಲಿದೆ. ಬೌದ್ಧರು ಅದನ್ನು ಇನ್ನೂ ದೂರ ಕರೆದುಕೊಂಡು ಹೋದರು. ಮಧ್ಯ ಏಷ್ಯಾದ ಕಿಝಿಲ್ ಗುಹೆಗಳ ಗೋಡೆಯ ಮೇಲೆ ಎರಡು ತಲೆಯ ಹಕ್ಕಿ ಇದೆ. ಚೀನಾ, ಜಪಾನಿನಲ್ಲಿ ಅದು ಅಮಿತಾಭ ಬುದ್ಧನ ಲೋಕದಲ್ಲಿ ಇಂಪಾಗಿ ಹಾಡುವ ಹಕ್ಕಿಗಳಲ್ಲಿ ಒಂದು. ಬೇಲೂರಿನಲ್ಲಿ ಶರಭವನ್ನು ಹರಿಯುವುದು, ಅಲ್ಲಿ ಧರ್ಮದ ಹಾಡು ಹೇಳುವುದು.

ವಿಜಯನಗರಕ್ಕೆ ಬಂದಾಗ ಅದು ಜೇಬಿಗೆ ಇಳಿಯಿತು. 1529ರಲ್ಲಿ ಪಟ್ಟಕ್ಕೆ ಬಂದ ಅಚ್ಯುತರಾಯನ ಚಿನ್ನದ ನಾಣ್ಯ ನೋಡಿ. ಎರಡು ಕೊಕ್ಕಿನಲ್ಲೂ ಆನೆ, ಕಾಲಿನ ಉಗುರುಗಳಲ್ಲೂ ಆನೆ. ಉಗುರಿನಷ್ಟಗಲದ ನಾಣ್ಯದಲ್ಲಿ ನಾಲ್ಕು ಆನೆಗಳನ್ನು ನೇತು ಹಾಕಿದ ಕುಶಲಿಗೆ ಕೈ ಮುಗಿಯಬೇಕು. ವಿಜಯನಗರದ ನಂತರ ಹಕ್ಕಿ ಮೈಸೂರು ಒಡೆಯರ ಅರಮನೆ ಸೇರಿತು, ಅಲ್ಲಿಂದ ಮೈಸೂರು ವಿಶ್ವವಿದ್ಯಾನಿಲಯಕ್ಕೆ, ಮೈಸೂರು ರಾಜ್ಯಕ್ಕೆ, ಕೊನೆಗೆ ಕರ್ನಾಟಕಕ್ಕೆ. ಅರಸೊತ್ತಿಗೆಯ ಗುರುತು ಚುನಾಯಿತ ಸರ್ಕಾರದ ಗುರುತಾದಾಗ ಚಿತ್ರ ಹೆಚ್ಚು ಬದಲಾಗಲಿಲ್ಲ. ಅದನ್ನು ನೋಡುವವನು ಬದಲಾದ. ಮೊದಲು ಪ್ರಜೆ ಅದಕ್ಕೆ ತಲೆಬಾಗುತ್ತಿದ್ದ. ಈಗ ಅದೇ ಚಿತ್ರ ಇರುವ ಬಸ್ಸಿನಲ್ಲಿ ಕೂತು ಐದು ರೂಪಾಯಿ ಚಿಲ್ಲರೆ ವಾಪಸ್ ಕೊಡಿ ಅಂತ ಜೋರು ಮಾಡುತ್ತಾನೆ. ನನಗೆ ಎರಡನೆಯದೇ ಇಷ್ಟ.

ಇನ್ನು ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಕದ್ದವರು ಯಾರು?

ಟರ್ಕಿ ದೇಶದಲ್ಲಿ ಅಲಾಜಾ ಹೊಯುಕ್ ಅಂತ ಒಂದು ಜಾಗವಿದೆ. ಹಿಟ್ಟೈಟರು ಅನ್ನುವ ಪ್ರಾಚೀನ ಜನರ ಕಾಲದ ಊರು. ಅದರ ಸ್ಫಿಂಕ್ಸ್ ಬಾಗಿಲಿನ ಕಲ್ಲಿನಲ್ಲಿ ಎರಡು ತಲೆಯ ಹದ್ದು ಕೆತ್ತಿದ್ದಾರೆ. ಎರಡು ಕಾಲಿನಲ್ಲಿ ಒಂದೊಂದು ಮೊಲ. ನಮ್ಮದಕ್ಕೆ ಆನೆ, ಅವರದಕ್ಕೆ ಮೊಲ. ಸುಮಾರು 3,300 ವರ್ಷ ಹಿಂದಿನದು. ಅಲ್ಲೇ ಹತ್ತಿರ ಯಾಜಿಲಿಕಾಯಾ ಅನ್ನುವ ಬಯಲು ಗುಡಿಯ ಬಂಡೆಯ ಮೇಲೆ ಇಬ್ಬರು ದೇವಿಯರು ಇಂಥದ್ದೇ ಹಕ್ಕಿಯ ಮೇಲೆ ನಿಂತಿದ್ದಾರೆ. ನಮ್ಮ ಕಣ್ಣಿಗೆ ಅದು ಥೇಟ್ ವಾಹನ. ಬಳ್ಳಿಗಾವಿಗಿಂತ ಎರಡು ಸಾವಿರ ವರ್ಷಕ್ಕೂ ಹಿಂದೆ!

ನಡುವೆ ತಕ್ಷಶಿಲೆ ಇದೆ, ಈಗಿನ ಪಾಕಿಸ್ತಾನದಲ್ಲಿ. ಅಲ್ಲಿನ ಸಿರ್ಕಪ್‌ನಲ್ಲಿ ಜಾನ್ ಮಾರ್ಷಲ್ ಅಗೆದಾಗ ಒಂದು ಸ್ತೂಪದ ಕಟ್ಟೆ ಸಿಕ್ಕಿತು. ಸುಮಾರು 2,000 ವರ್ಷದ ಹಿಂದಿನದು. ಕಟ್ಟೆಯ ಮುಖದಲ್ಲಿ ಸಾಲಾಗಿ ಗೂಡುಗಳು. ಒಂದು ಗ್ರೀಕ್ ಗುಡಿಯ ತ್ರಿಕೋನದ ಹಾಗೆ, ಒಂದು ನಮ್ಮ ಚೈತ್ಯದ ಕಮಾನಿನ ಹಾಗೆ, ಒಂದು ತೋರಣದ ಹಾಗೆ. ಕಮಾನಿನ ನೆತ್ತಿಯಲ್ಲಿ ಕೂತಿದೆ ಎರಡು ತಲೆಯ ಹಕ್ಕಿ. ಆ ಕಟ್ಟಡಕ್ಕೆ ಈಗಲೂ "ಎರಡು ತಲೆಯ ಹದ್ದಿನ ಗುಡಿ" ಅಂತಲೇ ಹೆಸರು. ಗ್ರೀಕರೂ ಶಕರೂ ಪಾರ್ಥಿಯನ್ನರೂ ಆಳಿಹೋದ ಊರಿನಲ್ಲಿ ಬೌದ್ಧರ ಸ್ತೂಪದ ಮೇಲೆ ಅದು ಯಾರ ಹಕ್ಕಿ ಅಂತ ಕೇಳಿದರೆ ಉತ್ತರ ಹೇಳುವುದು ಕಷ್ಟ.

ಮುಂದಿನದನ್ನು ಬೇಗ ಹೇಳುತ್ತೇನೆ. 13ನೇ ಶತಮಾನದಲ್ಲಿ ಟರ್ಕಿಯ ಕೊನ್ಯಾ ಊರಿನ ಸೆಲ್ಜುಕ್ ಸುಲ್ತಾನರ ಕೋಟೆಯ ಗೋಡೆಯಲ್ಲಿ ಅದು ಇತ್ತು. ಅದೇ ದೇಶದ ದಿವ್ರಿಗಿಯ ದೊಡ್ಡ ಮಸೀದಿಯ ಬಾಗಿಲಿನಲ್ಲಿ ಇವತ್ತಿಗೂ ಇದೆ. ಹೌದು, ಮಸೀದಿಯ ಬಾಗಿಲಿನಲ್ಲಿ. ಕಾನ್‌ಸ್ಟಾಂಟಿನೋಪಲ್‌ನಿಂದ ಆಳಿದ ಬೈಜಾಂಟಿಯನ್ ಸಾಮ್ರಾಜ್ಯದ ಕೊನೆಯ ಕ್ರೈಸ್ತ ರಾಜಮನೆತನ, ಪಾಲಿಯೊಲೊಗಸ್ ಅನ್ನುವವರು, ಅದನ್ನು ತಮ್ಮ ಬಟ್ಟೆ ಮತ್ತು ಬಾವುಟಗಳಿಗೆ ಹಾಕಿಕೊಂಡರು. ಒಂದು ತಲೆ ಪೂರ್ವ ನೋಡುತ್ತದೆ, ಇನ್ನೊಂದು ಪಶ್ಚಿಮ ನೋಡುತ್ತದೆ ಅನ್ನುವ ಜನಪ್ರಿಯ ವಿವರಣೆ ಈ ಸಾಮ್ರಾಜ್ಯದ ಸುತ್ತ ಬೆಳೆದದ್ದು. ಆ ಮನೆತನದ ಸೋಫಿಯಾ 1472ರಲ್ಲಿ ಮಾಸ್ಕೋದ ಮೂರನೇ ಇವಾನ್‌ನನ್ನು ಮದುವೆಯಾದಳು. 1497ರ ಅವನ ಮುದ್ರೆಯಲ್ಲಿ ಎರಡು ತಲೆಯ ಹದ್ದು ಕಾಣಿಸಿಕೊಂಡಿತು. ನಮ್ಮ ಹುಡುಗ ಟೀವಿಯಲ್ಲಿ ನೋಡಿದ್ದು ಅದರ ವಂಶದ್ದು.

ರಷ್ಯಾದಲ್ಲಿ ಆ ಹಕ್ಕಿ ಪಟ್ಟ ಪಾಡು ಕೇಳಿ. 1917ರ ಕ್ರಾಂತಿಯಲ್ಲಿ ಅದು ಝಾರ್ ದೊರೆಗಳ ದಬ್ಬಾಳಿಕೆಯ ಗುರುತು, ಹಾಗಾಗಿ ಹೊರಗೆ ಹೋಯಿತು. ಆದರೂ ಕ್ರೆಮ್ಲಿನ್ ಗೋಪುರಗಳ ತುದಿಯಲ್ಲಿ 18 ವರ್ಷ ಹಾಗೇ ಉಳಿದಿತ್ತು. 1935ರಲ್ಲಿ ಇಳಿಸಿ ನಕ್ಷತ್ರಗಳನ್ನು ಏರಿಸಿದರು. 1993ರಲ್ಲಿ ಯೆಲ್ಟ್ಸಿನ್ ಆದೇಶದಿಂದ ಹಕ್ಕಿ ಮತ್ತೆ ದೇಶದ ಲಾಂಛನವಾಯಿತು. ಗೋಪುರದ ಮೇಲೆ ಮಾತ್ರ ಕಮ್ಯುನಿಸ್ಟರ ಕೆಂಪು ನಕ್ಷತ್ರ ಇನ್ನೂ ಇದೆ! ಅದರ ಕೆಳಗೆ ಕೂತು ಬರೆಯುವ ಆದೇಶಗಳ ಮೇಲೆ ಝಾರ್ ಹದ್ದು. ಆಸ್ಟ್ರಿಯಾದವರು ಬೇರೆ ದಾರಿ ಹಿಡಿದರು. 1918ರಲ್ಲಿ ಚಕ್ರಾಧಿಪತ್ಯ ಹೋಯಿತು. ಹೊಸ ಗಣರಾಜ್ಯ ಹದ್ದನ್ನು ಇಟ್ಟುಕೊಂಡಿತು, ಒಂದು ತಲೆ ತೆಗೆದುಹಾಕಿತು, ಉಗುರುಗಳಿಗೆ ಕುಡುಗೋಲು ಮತ್ತು ಸುತ್ತಿಗೆ ಕೊಟ್ಟಿತು. 1945ರಲ್ಲಿ ನಾಜಿಗಳು ಹೋದ ಮೇಲೆ ಅದರ ಕಾಲಿಗೆ ಕಡಿದ ಸರಪಳಿಯನ್ನೂ ಸೇರಿಸಿದರು.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಅದೇ 2018ರ ವಿಶ್ವಕಪ್‌ನ ಇನ್ನೊಂದು ಪಂದ್ಯ. ಜೂನ್ 22, ಕಲಿನಿನ್‌ಗ್ರಾಡ್. ಸ್ವಿಟ್ಜರ್ಲೆಂಡ್ ಮತ್ತು ಸರ್ಬಿಯಾ. ಸ್ವಿಟ್ಜರ್ಲೆಂಡ್ 2-1ರಿಂದ ಗೆದ್ದಿತು. ಗೋಲು ಹೊಡೆದ ಜಾಕಾ, ಶಕೀರಿ ಇಬ್ಬರೂ ಕೊಸೊವೊದ ಅಲ್ಬೇನಿಯನ್ ಮೂಲದವರು. ಗೋಲಾದ ಮೇಲೆ ಎರಡು ಕೈಗಳನ್ನು ಎದೆಯ ಮುಂದೆ ಅಡ್ಡ ಹಾಕಿ, ಹೆಬ್ಬೆರಳುಗಳನ್ನು ಕೂಡಿಸಿ, ಬೆರಳು ಬಿಡಿಸಿ ಹದ್ದು ಮಾಡಿ ತೋರಿಸಿದರು. ಅಲ್ಬೇನಿಯಾದ ಬಾವುಟದ ಎರಡು ತಲೆಯ ಕಪ್ಪು ಹದ್ದು. ಕೊಸೊವೊ 2008ರಲ್ಲಿ ಸರ್ಬಿಯಾದಿಂದ ಸ್ವತಂತ್ರ ಅಂತ ಘೋಷಿಸಿಕೊಂಡಿದೆ, ಸರ್ಬಿಯಾ ಒಪ್ಪಿಲ್ಲ. ಹಾಗಾಗಿ ಆ ಕೈಸನ್ನೆಯಿಂದ ದೊಡ್ಡ ಗಲಾಟೆಯೇ ಆಯಿತು. ಫಿಫಾ ಇಬ್ಬರಿಗೂ ತಲಾ 10,000 ಸ್ವಿಸ್ ಫ್ರಾಂಕ್ ದಂಡ ಹಾಕಿತು. ಜೊತೆಗೆ ಸನ್ನೆ ಮಾಡಿದ ನಾಯಕ ಲಿಚ್‌ಸ್ಟೈನರ್‌ಗೆ 5,000.

ಇದರಲ್ಲಿ ತಮಾಷೆ ಏನು ಗೊತ್ತಾ? ಸರ್ಬಿಯಾದ ಲಾಂಛನದಲ್ಲಿ ಇರುವುದೂ ಎರಡು ತಲೆಯ ಹದ್ದೇ. ಅವರದು ಬಿಳಿ, ಇವರದು ಕಪ್ಪು. ಪಂದ್ಯ ನಡೆದ ದೇಶದ ಲಾಂಛನವೂ ಅದೇ. ಒಂದೇ ಹಕ್ಕಿಯ ಮಕ್ಕಳು ಆ ಹಕ್ಕಿಯನ್ನೇ ಒಬ್ಬರ ಮುಖಕ್ಕೆ ಒಬ್ಬರು ಹಿಡಿದು ಹೊಡೆದಾಡಿದರು. ತಮಾಷೆ ಅಂದೆ, ಆದರೆ ಕೊಸೊವೊ ಯುದ್ಧದಲ್ಲಿ ಮನೆ ಕಳೆದುಕೊಂಡವರಿಗೆ ಅದು ತಮಾಷೆಯಲ್ಲ. ಅವರ ಪಾಲಿಗೆ ಹಕ್ಕಿಯ ಬಣ್ಣವೇ ಎಲ್ಲ.

ಗ್ರೀಸ್ ದೇಶದ ಪಾಒಕ್ ಅನ್ನುವ ಫುಟ್‌ಬಾಲ್ ಕ್ಲಬ್ಬಿನ ಹದ್ದು ಮಾತ್ರ ರೆಕ್ಕೆ ಹರಡಿಲ್ಲ, ಮಡಚಿಕೊಂಡಿದೆ. 1920ರ ದಶಕದಲ್ಲಿ ಟರ್ಕಿಯ ಕಡೆಯಿಂದ ಓಡಿ ಬಂದ ಗ್ರೀಕ್ ನಿರಾಶ್ರಿತರು ಥೆಸಲೊನಿಕಿಯಲ್ಲಿ ಕಟ್ಟಿದ ಕ್ಲಬ್ಬು. ಬಿಟ್ಟುಬಂದ ಊರಿನ ದುಃಖಕ್ಕೆ ರೆಕ್ಕೆ ಮಡಚಿದ ಹಕ್ಕಿ. ಸಾಮ್ರಾಜ್ಯದ ಅಹಂಕಾರವಾಗಿದ್ದ ಹಕ್ಕಿ ಮನೆ ಕಳೆದುಕೊಂಡವರ ಸೂತಕದ ಗುರುತಾಯಿತು. ಶರಾವತಿಯ ಹಿನ್ನೀರಿನಲ್ಲಿ ಊರು ಮುಳುಗಿ ಎದ್ದು ಬಂದವರ ನಡುವೆ ಬೆಳೆದವಳು ನಾನು. ಈ ರೆಕ್ಕೆ ಮಡಚಿದ ಹಕ್ಕಿಯ ಬಗ್ಗೆ ಓದಿದ ದಿನ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟು ಕೂತೆ.

ಈಗ ಹೇಳಿ. ಕದ್ದವರು ಯಾರು? "ಇಡೀ ಜಗತ್ತು ಕನ್ನಡಿಗರಿಂದ ಗಂಡಭೇರುಂಡ ಎತ್ತಿಕೊಂಡು ಹೋಯಿತು" ಅಂತ ನನ್ನ ವಾಟ್ಸಾಪಿಗೆ ನವೆಂಬರ್ ಬಂದರೆ ಸಾಕು, ಮೂರು ಕಡೆಯಿಂದ ಸಂದೇಶ ಬರುತ್ತದೆ. ಕಲ್ಲುಗಳ ವಯಸ್ಸು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಹಾಗಂತ "ನಮ್ಮದೇನೂ ಇಲ್ಲ, ರೋಮನ್ನರದ್ದನ್ನು ನಕಲು ಮಾಡಿದ್ದು" ಅಂತ ಮೂಗೆಳೆಯುವವರ ಮಾತೂ ನಿಲ್ಲುವುದಿಲ್ಲ. ಬಳ್ಳಿಗಾವಿಯ ಕಂಬ ನಿಂತ ಎಷ್ಟೋ ಕಾಲದ ಮೇಲೆ "ಪವಿತ್ರ ರೋಮನ್ ಸಾಮ್ರಾಜ್ಯ" ಅನ್ನಿಸಿಕೊಂಡ ಜರ್ಮನ್ ಸಾಮ್ರಾಜ್ಯದ ಚಕ್ರವರ್ತಿ ಸಿಗಿಸ್ಮಂಡ್ ಎರಡು ತಲೆಯ ಹದ್ದನ್ನು ತನ್ನ ಮುದ್ರೆ ಮಾಡಿಕೊಂಡದ್ದು, 1433ರಲ್ಲಿ. ಹಿಟ್ಟೈಟರ ಬಂಡೆಯಿಂದ ಬಳ್ಳಿಗಾವಿಯ ಕಂಬಕ್ಕೆ ನೇರ ದಾರಿ ತೋರಿಸುವ ಶಾಸನ ಒಂದೂ ಇಲ್ಲ.

ನನ್ನ ಸ್ವಂತ ಅಭಿಪ್ರಾಯ ಹೇಳುತ್ತೇನೆ, ಬೇಕಾದರೆ ಒಪ್ಪಿ. ನಮ್ಮ ಊರಲ್ಲಿ ಕಂಚಿ ಸೀರೆ ಮಾರುವ ಅಂಗಡಿಯವರು ಒಂದು ಸಲ ಸೆರಗು ಬಿಡಿಸಿ ತೋರಿಸಿದ್ದರು. ಅದರಲ್ಲಿ ಎರಡು ತಲೆಯ ಹಕ್ಕಿ ಇತ್ತು, ತಮಿಳಿನವರು ಅದಕ್ಕೆ ಇರುತಲೈಪಕ್ಷಿ ಅನ್ನುತ್ತಾರೆ. ನೇಯುವವನಿಗೆ ಅರ್ಧ ಚಿತ್ರ ಸಾಕು. ಎಡಕ್ಕೆ ನೇಯ್ದದ್ದನ್ನೇ ಬಲಕ್ಕೆ ತಿರುಗಿಸಿ ನೇಯುತ್ತಾನೆ. ಒಂದು ಹಕ್ಕಿಯನ್ನು ಹಾಗೆ ಕನ್ನಡಿ ಹಿಡಿದು ನೇಯ್ದರೆ ಮೈ ಕೂಡಿಕೊಳ್ಳುತ್ತದೆ, ತಲೆ ಎರಡಾಗುತ್ತದೆ. ನಾವು ರಂಗೋಲಿ ಹಾಕುವಾಗಲೂ ಅಷ್ಟೇ ಅಲ್ವಾ. ಮುದ್ರೆ ಕೊರೆಯುವವನಿಗೂ ಎರಡು ಕಡೆ ಸಮ ಬಂದರೆ ಕಣ್ಣಿಗೆ ಹಿತ. ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಇದು ತಾನಾಗಿಯೇ ಹುಟ್ಟಿರಬಹುದು. ಬಟ್ಟೆ, ನಾಣ್ಯ, ಮದುವೆ, ಯುದ್ಧಗಳ ಜೊತೆ ಊರಿಂದ ಊರಿಗೆ ಹೋಗಿಯೂ ಇರಬಹುದು. ಹೋದ ಕಡೆಯಲ್ಲೆಲ್ಲ ಅಲ್ಲಿಯವರು ತಮಗೆ ಬೇಕಾದದ್ದನ್ನು ಅದರ ಕೊಕ್ಕಿಗೆ ಸಿಕ್ಕಿಸಿದರು.

ಇಷ್ಟು ಹೇಳಿದ್ದು ನನ್ನ ಬೇಡಿಕೆಗೆ ಪೀಠಿಕೆ. ಬೇಡಿಕೆ ದೊಡ್ಡದೇನಲ್ಲ.

2018ರ ಮಾರ್ಚ್ 8ರಂದು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹಳದಿ, ಬಿಳಿ, ಕೆಂಪು ಬಣ್ಣದ ನಾಡಧ್ವಜವನ್ನು ತೋರಿಸಿದರು. ನಡುವಿನ ಬಿಳಿಯಲ್ಲಿ ಗಂಡಭೇರುಂಡದ ಲಾಂಛನ. ಆ ಧ್ವಜ ಬೇಕೋ ಬೇಡವೋ ಅನ್ನುವ ಚರ್ಚೆಗೆ ನಾನು ಬರುವುದಿಲ್ಲ. ಆದರೆ ಒಂದು ಚಿತ್ರ ಧ್ವಜಕ್ಕೆ ಹತ್ತಿದರೆ ಜನ ಅದಕ್ಕಾಗಿ ಹೆಮ್ಮೆ ಪಡುತ್ತಾರೆ, ಜಗಳವನ್ನೂ ಆಡುತ್ತಾರೆ. ಕಲಿನಿನ್‌ಗ್ರಾಡಿನಲ್ಲಿ ನೋಡಿದೆವಲ್ಲ. ಹಾಗಾಗಿ ಹಕ್ಕಿಯ ಕಥೆ ಮಕ್ಕಳಿಗೆ ಮೊದಲೇ ಗೊತ್ತಿರಲಿ ಅಂತ ನನ್ನ ಆಸೆ.

ಎಂಟನೇ ತರಗತಿಯ ಪುಸ್ತಕದಲ್ಲಿ ಎರಡು ಪುಟ ಕೊಡಿ. ಬಳ್ಳಿಗಾವಿಯ ಕಂಬ, ಬೇಲೂರಿನ ಸಾಲು, ಅಚ್ಯುತರಾಯನ ನಾಣ್ಯ, ಬಸ್ಸಿನ ಚಿತ್ರ, ನಾಲ್ಕನ್ನೂ ಅಕ್ಕಪಕ್ಕ ಅಚ್ಚು ಹಾಕಿಸಿ. ಅಲಾಜಾ ಹೊಯುಕ್‌ನ ಮೊಲ ಹಿಡಿದ ಹದ್ದನ್ನೂ ಒಂದು ಮೂಲೆಯಲ್ಲಿ ಇಡಿ. ಕೆಳಗೆ "ಇದರ ಅರ್ಥವೇನು?" ಅಂತ ಒಂದು ಅಂಕದ ಪ್ರಶ್ನೆ ದಯವಿಟ್ಟು ಹಾಕಬೇಡಿ. ಹಾಕಿದರೆ "ಶಕ್ತಿಯ ಸಂಕೇತ" ಅಂತ ಬರೆದು ಅಂಕ ತೆಗೆದುಕೊಂಡು ಹೋಗುತ್ತಾರೆ. "ಈ ಐದು ಹಕ್ಕಿಗಳು ಯಾರ ಮುಂದೆ ಏನು ಹೇಳುತ್ತಿದ್ದವು?" ಅಂತ ಕೇಳಿ. ಮೌಲ್ಯಮಾಪನ ಮಾಡುವವರಿಗೆ ಸ್ವಲ್ಪ ತಲೆನೋವು ಜಾಸ್ತಿಯಾಗುತ್ತದೆ, ಗೊತ್ತು. ನಾನೂ 31 ವರ್ಷ ಉತ್ತರಪತ್ರಿಕೆ ತಿದ್ದಿದವಳು.

ಎರಡನೆಯದು, ಬಳ್ಳಿಗಾವಿಯ ಕಂಬದ ಬಳಿ ಮಕ್ಕಳ ಎತ್ತರಕ್ಕೆ ಒಂದು ಫಲಕ. ಇಸವಿ, ಅರಸನ ಹೆಸರು ಇರಲಿ. ಅದರ ಜೊತೆಗೆ ಗಳೆಯ ಸಂಗತಿ ಇರಲಿ, ಶರಭದ ಜಗಳ ಇರಲಿ. "ಈ ಹಕ್ಕಿಯ ನೆಂಟರು ಎಲ್ಲೆಲ್ಲಿದ್ದಾರೆ" ಅಂತ ಒಂದು ಪುಟ್ಟ ನಕ್ಷೆ ಇರಲಿ, ಕೊನ್ಯಾದಿಂದ ಕೆಳದಿಯವರೆಗೆ. ಕಂಬವನ್ನು ನೋಡಿಕೊಳ್ಳುವ ಇಲಾಖೆ ಬೇರೆ ಅಂತ ನೀವು ಹೇಳಬಹುದು. ಫೋನು ಮಾಡಿ ಮಾತಾಡಿಕೊಳ್ಳಿ.

ಫಲಕಕ್ಕೆ ಒಂದು ಕರಡನ್ನು ನಾನೇ ಬರೆದಿದ್ದೇನೆ. ಕನ್ನಡದಲ್ಲಿ 120 ಪದ, ನಿಂತು ಓದಲು ಒಂದು ನಿಮಿಷ. ಈ ಪತ್ರದ ಜೊತೆ ಅದನ್ನೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದಿ, ನನಗೆ ಬೇಜಾರಿಲ್ಲ.

ಆ ಹುಡುಗ ಈಗ ಶಿವಮೊಗ್ಗದಲ್ಲಿ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ್ದಾನೆ. ಹೋದ ತಿಂಗಳು ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ಅವನ ಬಸ್ ಹೊರಡಲು 20 ನಿಮಿಷ ಇತ್ತು. ಅಲ್ಲೇ ನಿಂತು ಹಿಟ್ಟೈಟರಿಂದ ಶುರುಮಾಡಿ ಹೇಳುತ್ತಾ ಹೋದೆ. ಕಂಡಕ್ಟರ್ ಸೀಟಿ ಊದುವಾಗ ನಾನಿನ್ನೂ ಕೊನ್ಯಾದಲ್ಲಿದ್ದೆ. ಅವನು ಫುಟ್‌ಬೋರ್ಡಿನ ಮೇಲೆ ನಿಂತು, "ಅಂದ್ರೆ ಕದ್ದಿದ್ದು ಯಾರು ಮಿಸ್?" ಅಂತ ಕೂಗಿದ. ಬಸ್ಸು ಹೊರಟುಹೋಯಿತು. ಬಾಕಿ ಅರ್ಧ ಪಾಠವನ್ನು ಅವನಿಗೆ ಈ ಪತ್ರದಲ್ಲೇ ಕಳಿಸುತ್ತಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಸಾಗರದ ಕಡೆಯ ಒಬ್ಬ ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ